ಮರೆಯದ ಕಣ್ಣು

ಹುಲಿಗಿಯ ಹುಣ್ಣಿಮೆಯನ್ನು ಒಮ್ಮೆ ಕಂಡವರಿಗೆ ಜನಸಾಗರವೆಂಬ ಮಾತಿನ ಅರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಕೊಪ್ಪಳ ತಾಲ್ಲೂಕಿನ ಈ ಊರು ತುಂಗಭದ್ರೆಯ ಎಡದಂಡೆಯ ಮೇಲಿದೆ. ಮುನಿರಾಬಾದಿನ ಅಣೆಕಟ್ಟಿಗೆ ಬಹಳ ಸಮೀಪ. ಹುಣ್ಣಿಮೆಯಂದು ಮಾತ್ರವಲ್ಲ, ಮಂಗಳವಾರ ಶುಕ್ರವಾರಗಳಂದೂ ಹುಲಿಗೆಮ್ಮನ ದರ್ಶನಕ್ಕೆ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ, ರಾಯಚೂರು, ಬಳ್ಳಾರಿ, ಗದಗ, ಬಾಗಲಕೋಟೆಗಳಿಂದ, ಗಡಿಯಾಚೆಯ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಭಕ್ತರು ಬರುತ್ತಾರೆ. ರೈಲಿನಲ್ಲಿ ಬಂದು ಮುನಿರಾಬಾದಿನಲ್ಲಿ ಇಳಿದವರು, ಟಂಟಂಗಳಲ್ಲಿ ಒತ್ತಿಕೊಂಡು ಬಂದವರು, ಟ್ರ್ಯಾಕ್ಟರಿನಲ್ಲಿ ಮನೆಮಂದಿಯನ್ನೆಲ್ಲ ಹೇರಿಕೊಂಡು ಬಂದವರು ಬಹುಮಟ್ಟಿಗೆ ಎಲ್ಲರೂ ಮೊದಲು ಹೊಳೆಗೆ ಇಳಿಯುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲಿಯೇ ದೀಡ ನಮಸ್ಕಾರ ಹಾಕುವವರು ಕೆಲವರು. ಉಡಿ ತುಂಬಲು ನಿಂತವರು ಕೆಲವರು. ಬಳೆಯಂಗಡಿ, ಮಂಡಾಳಿನ ಅಂಗಡಿಗಳ ಮುಂದೆ ಚೌಕಾಸಿಗೆ ತೊಡಗಿದವರು ಹಲವರು.

ಈ ಊರಿನಲ್ಲಿ ಹುಟ್ಟಿ, ಸುತ್ತಲಿನ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತನಾದ ಮೇಲೆ ಮತ್ತೆ ಇಲ್ಲಿಗೇ ಬಂದು ನೆಲೆಸಿರುವ ನನಗೆ ಈ ನೋಟ ಹೊಸದಲ್ಲ. ಆದರೂ ಬಾಲ್ಯದಿಂದ ಕಾಣುತ್ತ ಬಂದಿರುವ ಒಂದು ಸಂಗತಿ ಈಚೆಗೆ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುತ್ತದೆ. ಹೊಳೆಯಲ್ಲಿ ಮಿಂದ ಹೆಂಗಸು ಸೀರೆ ಬದಲಿಸಬೇಕಾದಾಗ, ಅವಳ ಜೊತೆಗೆ ಬಂದ ಇಬ್ಬರು ಒಂದು ಸೀರೆಯನ್ನು ಬಿಚ್ಚಿ, ಎರಡು ತುದಿಗಳನ್ನು ಹಿಡಿದು ಮರೆಮಾಡುತ್ತಾರೆ. ಸುತ್ತಲೂ ಸಾವಿರ ಜನ. ನಡುವೆ ನಾಲ್ಕಾರು ಮೊಳದ ಒಂದು ಬಟ್ಟೆ. ಅದರ ಆಚೆಗೆ ಯಾರೂ ಇಣುಕುವುದಿಲ್ಲ. ಇಣುಕಬಾರದೆಂದು ಅಲ್ಲಿ ಯಾವ ಫಲಕವನ್ನೂ ಬರೆದು ನಿಲ್ಲಿಸಿಲ್ಲ. ಖಾಸಗಿತನವೆಂಬ ಪದವನ್ನು ಕೇಳಿಯೇ ಇರದ ಆ ತಾಯಂದಿರು ಅದನ್ನು ಎರಡು ಕೈಗಳಿಂದ ಎತ್ತಿ ಹಿಡಿದು ನಿಂತಿರುತ್ತಾರೆ.

ಜಾತ್ರೆಯಲ್ಲಿ ಇನ್ನೊಂದು ಬಗೆಯ ಮರೆಯೂ ಉಂಟು. ಅದು ಮರೆವು. ಆ ದಿನ ನಿಮ್ಮನ್ನು ಸಾವಿರ ಕಣ್ಣುಗಳು ಕಂಡಿರಬಹುದು. ನೀವು ಮಂಡಾಳು ತಿಂದದ್ದು, ಅಂಗಡಿಯವನೊಡನೆ ಜಗಳವಾಡಿದ್ದು, ದೇವಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತದ್ದು ಎಲ್ಲವನ್ನೂ ಯಾರಾದರೊಬ್ಬರು ನೋಡಿಯೇ ಇರುತ್ತಾರೆ. ಆದರೆ ಸಂಜೆಯ ರೈಲು ಹತ್ತುವ ಹೊತ್ತಿಗೆ ಅವರು ಅದನ್ನು ಮರೆತಿರುತ್ತಾರೆ. ಮನುಷ್ಯನ ಕಣ್ಣು ಕಂಡದ್ದನ್ನೆಲ್ಲ ಕೂಡಿಟ್ಟುಕೊಳ್ಳುವುದಿಲ್ಲ. ನಾವು ಬಹಿರಂಗ ಸ್ಥಳಗಳಲ್ಲಿ ನಿರಾತಂಕವಾಗಿ ನಡೆದಾಡುತ್ತಿದ್ದುದು ಯಾರೂ ನಮ್ಮನ್ನು ನೋಡುತ್ತಿರಲಿಲ್ಲವೆಂದಲ್ಲ. ನೋಡಿದವರು ಮರೆಯುತ್ತಾರೆಂಬ ನಂಬಿಕೆಯಿಂದ.

ಈಗ ಮರೆಯದ ಕಣ್ಣೊಂದು ಬಂದಿದೆ. ಬಸ್ಸುನಿಲ್ದಾಣ, ರೈಲುನಿಲ್ದಾಣ, ಬ್ಯಾಂಕು, ಆಸ್ಪತ್ರೆ, ಅಂಗಡಿ, ದೇವಸ್ಥಾನ, ರಸ್ತೆಯ ಕೂಡುದಾರಿ, ಎಲ್ಲಿ ನೋಡಿದರೂ ಕಂಬದ ಮೇಲೋ ಗೋಡೆಯ ಮೂಲೆಯಲ್ಲೋ ಅದು ಕುಳಿತಿರುತ್ತದೆ. ಸಿ.ಸಿ. ಕ್ಯಾಮೆರಾ ಎಂದು ನೀವೆಲ್ಲರೂ ಕರೆಯುವ ಈ ಉಪಕರಣದ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಆ ಎರಡು ಅಕ್ಷರಗಳ ಅರ್ಥ ‘ಮುಚ್ಚಿದ ಮಂಡಲ’ ಎಂದು. ದೂರದರ್ಶನದ ಚಿತ್ರ ಊರಿಗೆಲ್ಲ ಬಿತ್ತರವಾಗುತ್ತದೆ. ಇದರ ಚಿತ್ರ ಹಾಗಲ್ಲ, ಮಂಡಲದ ಒಳಗಿರುವ ಪರದೆಗೆ ಮಾತ್ರ ತಲುಪುತ್ತದೆ ಎಂಬುದು ಹೆಸರಿಟ್ಟವರ ಅಭಿಪ್ರಾಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜರ್ಮನಿಯವರು ತಮ್ಮ ರಾಕೆಟ್ಟಿನ ಉಡಾವಣೆಯನ್ನು ದೂರದಲ್ಲಿ ಸುರಕ್ಷಿತವಾಗಿ ಕುಳಿತು ನೋಡಲು ಇಂಥ ಏರ್ಪಾಟನ್ನು ಬಳಸಿದರು. ಆ ಮಂಡಲ ಈಗ ಮುಚ್ಚಿ ಉಳಿದಿಲ್ಲವೆಂಬುದನ್ನು ಮುಂದೆ ನೋಡೋಣ.

ಕ್ಯಾಮೆರಾ ಕಂಡದ್ದು ಒಂದು ಪೆಟ್ಟಿಗೆಯೊಳಗಿನ ತಟ್ಟೆಯಲ್ಲಿ ಮುದ್ರಣವಾಗುತ್ತದೆ. ತಟ್ಟೆ ತುಂಬಿದೊಡನೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದು ಮುದ್ರಣವಾಗುತ್ತ ಹೋಗುತ್ತದೆ; ಒಂದೇ ಹಲಗೆಯ ಮೇಲೆ ಮೇಷ್ಟರು ಬರೆದು, ಒರೆಸಿ, ಮತ್ತೆ ಬರೆದಂತೆ. ನಮ್ಮ ರಾಜ್ಯದ ಶಾಸನಸಭೆ 2017ರಲ್ಲಿ ಮಾಡಿದ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮದ ಪ್ರಕಾರ, ಜನರು ಹೆಚ್ಚಾಗಿ ಸೇರುವ ಸಂಸ್ಥೆಗಳವರು ಕ್ಯಾಮೆರಾಗಳನ್ನು ಇರಿಸಿ, ಅವುಗಳ ದೃಶ್ಯಮುದ್ರಣವನ್ನು 30 ದಿನ ಕಾದಿಡಬೇಕು. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಹುಣ್ಣಿಮೆಯಿಂದ ಮತ್ತೊಂದು ಹುಣ್ಣಿಮೆಯವರೆಗೆ.

ಇದರಿಂದ ಪ್ರಯೋಜನವಿಲ್ಲವೆಂದು ಹೇಳುವವನು ನಾನಲ್ಲ. 2013ರ ನವೆಂಬರ್ 19ರಂದು ಬೆಂಗಳೂರಿನ ಎ.ಟಿ.ಎಂ. ಒಂದರೊಳಗೆ ಬ್ಯಾಂಕಿನ ಮಹಿಳಾ ಅಧಿಕಾರಿಯೊಬ್ಬರ ಮೇಲೆ ಒಬ್ಬಾತ ಮಚ್ಚಿನಿಂದ ಹಲ್ಲೆ ಮಾಡಿದ್ದನ್ನು ಹಿರಿಯರು ಮರೆತಿರಲಾರರು. ಒಳಗಿದ್ದ ಕ್ಯಾಮೆರಾ ಆತನ ಮುಖವನ್ನು ಸ್ಪಷ್ಟವಾಗಿ ಹಿಡಿದಿತ್ತು. 2017ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಮದನಪಲ್ಲೆಯಲ್ಲಿ ಆತ ಸಿಕ್ಕಿದ. 2021ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಕ್ಯಾಮೆರಾ ಇರದಿದ್ದರೆ ಆ ಮುಖವನ್ನು ಜಗತ್ತು ಕಾಣುತ್ತಲೇ ಇರಲಿಲ್ಲ. ಇಷ್ಟನ್ನು ಒಪ್ಪಿಕೊಂಡು ಒಂದು ಮಾತನ್ನು ಗಮನಿಸಬೇಕು: ಅಷ್ಟು ನಿಚ್ಚಳವಾದ ಚಿತ್ರವಿದ್ದರೂ ಆತ ಸಿಕ್ಕಲು ಮೂರು ವರ್ಷಗಳಿಗೂ ಮೀರಿ ಹಿಡಿಯಿತು. ಕ್ಯಾಮೆರಾ ಕಾಣುತ್ತದೆ, ಹುಡುಕುವ ಕೆಲಸ, ತಿಳಿಯುವ ಕೆಲಸ ಮನುಷ್ಯರದಾಗಿಯೇ ಉಳಿಯುತ್ತದೆ.

‘ತಪ್ಪು ಮಾಡದವನು ಕ್ಯಾಮೆರಾಕ್ಕೆ ಏಕೆ ಅಂಜಬೇಕು?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಚಹದಂಗಡಿಯಲ್ಲಿಯೂ ಕೇಳಿದ್ದೇನೆ, ವಿದ್ಯಾವಂತರ ಸಭೆಯಲ್ಲಿಯೂ ಕೇಳಿದ್ದೇನೆ. ಸ್ನಾನ ಮಾಡುವಾಗ ನಾವು ಬಾಗಿಲು ಹಾಕಿಕೊಳ್ಳುತ್ತೇವೆ, ಸ್ನಾನ ಅಪರಾಧವೆಂದಲ್ಲ. ವೈದ್ಯರ ಮುಂದೆ ಹೇಳಿಕೊಂಡ ಬೇನೆ, ದೇವರ ಮುಂದೆ ಹೇಳಿಕೊಂಡ ಹರಕೆ, ಗೆಳೆಯನಿಗೆ ಬರೆದ ಪತ್ರ, ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಯಾವುದೂ ಊರಿನ ಗೋಡೆಗೆ ಹಚ್ಚತಕ್ಕದ್ದೂ ಅಲ್ಲ. ಅಷ್ಟೇ ಅಲ್ಲ, ನಮ್ಮನ್ನು ನೋಡುತ್ತಿರುವವರು ಯಾರೆಂದು ನಮಗೆ ತಿಳಿದಿದ್ದರೆ ನಾವು ಅವರ ಕಡೆಗೆ ತಿರುಗಿ ನೋಡಬಹುದು. ಏಕೆ ನೋಡುತ್ತೀ ಎಂದು ಕೇಳಲೂಬಹುದು. ಕಂಬದ ಮೇಲಿನ ಕಣ್ಣಿನ ಹಿಂದೆ ಯಾರು ಕುಳಿತಿದ್ದಾರೆಂಬುದು ನಮಗೆ ತಿಳಿಯುವುದೇ ಇಲ್ಲ.

ಆ ಕಣ್ಣಿನ ಹಿಂದೆ ಸಲ್ಲದವರು ಬಂದು ಕುಳಿತ ನಿದರ್ಶನಗಳು ಕಡಿಮೆಯಲ್ಲ. 2013ರಲ್ಲಿ ದೆಹಲಿಯ ಮೆಟ್ರೊ ರೈಲಿನ ಕಾವಲು ಕ್ಯಾಮೆರಾಗಳ ತುಣುಕುಗಳು ಹೊರಬಿದ್ದು, ಪ್ರಯಾಣಿಕರ ಚಿತ್ರಗಳು ಅಶ್ಲೀಲ ತಾಣಗಳಲ್ಲಿ ಕಾಣಿಸಿಕೊಂಡವು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ಕಂಡ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದದ್ದು ಬೆಳಕಿಗೆ ಬಂತು. ಚಿಕಿತ್ಸೆಗೆ ಬಂದ ತಾಯಂದಿರ ಚಿತ್ರಗಳವು. ಕಳ್ಳರು ಅದಕ್ಕಾಗಿ ಗೋಡೆ ಕೊರೆದಿರಲಿಲ್ಲ. ಪೆಟ್ಟಿಗೆಯನ್ನು ಕೊಂಡಾಗ ತಯಾರಕರು ಹಾಕಿಕೊಟ್ಟಿರುವ, ಎಲ್ಲರಿಗೂ ತಿಳಿದ ಗುಪ್ತಪದವನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೆ. ಹೊಸ ಬೀಗ ತಂದು ಬಾಗಿಲಿಗೆ ಹಾಕಿ, ಕೀಲಿಯನ್ನು ಅದರಲ್ಲಿಯೇ ಬಿಟ್ಟುಬಂದಂತೆ. ಅದೇ ತಿಂಗಳು ಪ್ರಯಾಗದ ಕುಂಭಮೇಳದಲ್ಲಿ ಮೀಯುತ್ತಿದ್ದ ಹೆಂಗಸರ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದವರ ಮೇಲೆ ಪೊಲೀಸರು ಮೊಕದ್ದಮೆ ಹೂಡಬೇಕಾಯಿತು. ಅವು ಕಾವಲು ಕ್ಯಾಮೆರಾದವಲ್ಲ, ಆದರೆ ನೋವು ಒಂದೇ. ಆ ಸುದ್ದಿಯನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ನಮ್ಮ ಹೊಳೆಯ ದಂಡೆಯ ಸೀರೆಯ ಮರೆ.

ಖಾಸಗಿತನ ನಮ್ಮ ಹಕ್ಕೇ ಅಲ್ಲವೇ ಎಂಬ ಪ್ರಶ್ನೆ ಸ್ವತಂತ್ರ ಭಾರತದ ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದಿದೆ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ ದರೋಡೆಯ ಆಪಾದನೆ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಆತನ ಹೆಸರನ್ನು ಸಂಶಯಿತರ ಪಟ್ಟಿಯಲ್ಲಿಟ್ಟು, ಅಪರಾತ್ರಿಯಲ್ಲಿ ಬಂದು ಆತನ ಬಾಗಿಲು ಬಡಿಯುತ್ತಿದ್ದರು. ಆತ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ. 1962ರ ಡಿಸೆಂಬರಿನಲ್ಲಿ ನ್ಯಾಯಾಲಯ ರಾತ್ರಿಯ ಭೇಟಿಗಳನ್ನು ರದ್ದುಪಡಿಸಿತಾದರೂ, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದು ಬಹುಮತದಿಂದ ಹೇಳಿತು. ಭಿನ್ನ ಅಭಿಪ್ರಾಯ ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಖಾಸಗಿತನ ವ್ಯಕ್ತಿಸ್ವಾತಂತ್ರ್ಯದ ಒಂದು ಅವಶ್ಯಕ ಅಂಗವೆಂದು ಅವರು ಆಗಲೇ ಕಂಡಿದ್ದರು.

ಅವರ ಮಾತು ನಿಲ್ಲಲು ಐವತ್ತೈದು ವರ್ಷ ಬೇಕಾಯಿತು. ಅದನ್ನು ನಿಲ್ಲಿಸಿದ ಮೊಕದ್ದಮೆ ಒಬ್ಬ ಕನ್ನಡಿಗರ ಹೆಸರನ್ನು ಹೊತ್ತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ವಿಚಾರಣೆಯ ನಡುವೆ ಹಳೆಯ ಪ್ರಶ್ನೆ ಮತ್ತೆ ಎದ್ದುನಿಂತಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಒಂಬತ್ತು ಮಂದಿಯಲ್ಲಿ ನಮ್ಮ ಮೂಡುಬಿದಿರೆಯ ಕಡೆಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರರೂ ಒಬ್ಬರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಿವೃತ್ತಿಯೆಂದರೆ ಆರಾಮಕುರ್ಚಿಯೆಂದು ತಿಳಿದಿರುವ ನನ್ನಂಥವರಿಗೆ ಅವರನ್ನು ನೆನೆದಾಗ ತುಸು ನಾಚಿಕೆಯಾಗುತ್ತದೆ.

ಯಾವ ಹಕ್ಕೂ ಕಟ್ಟಿಲ್ಲದ್ದಲ್ಲ. ಸರ್ಕಾರ ಪ್ರಜೆಯ ಖಾಸಗಿತನದೊಳಗೆ ಕಾಲಿಡಬೇಕಾದರೆ ಅದಕ್ಕೆ ಕಾನೂನಿನ ಆಧಾರವಿದೆಯೇ, ಉದ್ದೇಶ ನ್ಯಾಯವಾದದ್ದೇ, ಕೈಗೊಂಡ ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂದು ಕೇಳಬೇಕೆಂಬ ಒರೆಗಲ್ಲನ್ನು ಆ ತೀರ್ಪು ನಮಗೆ ಕೊಟ್ಟಿದೆ. ನಿಮ್ಮ ಶಾಲೆಯನ್ನೇ ತೆಗೆದುಕೊಳ್ಳಿ. ಹೊರಬಾಗಿಲಿನಲ್ಲಿ ಕ್ಯಾಮೆರಾ ಇದ್ದರೆ ಅಪರಿಚಿತರು ಒಳಗೆ ಬಂದದ್ದು ತಿಳಿಯುತ್ತದೆ, ಅದು ತಕ್ಕುದು. ಅದನ್ನೇ ಶೌಚಾಲಯದ ಬಾಗಿಲಿಗೆ ತಿರುಗಿಸಿದರೆ ಉದ್ದೇಶ ಅದೇ ಆದರೂ ಕ್ರಮ ಮಿತಿಮೀರಿತು. ಸಂಸತ್ತು 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಒಂದು ಅಧಿನಿಯಮವನ್ನು ಮಾಡಿದೆ. ಆದರೆ ಸರ್ಕಾರದ ಅಂಗಗಳಿಗೆ ಅದರಿಂದ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಸರ್ಕಾರದ ಕೈಯಲ್ಲಿಯೇ ಇರಿಸಿದೆ. ಕಾವಲುಗಾರನನ್ನು ಕಾಯುವವರು ಯಾರೆಂಬ ಪ್ರಶ್ನೆ ಅಲ್ಲಿ ಬಗೆಹರಿದಂತೆ ನನಗೆ ತೋರುವುದಿಲ್ಲ.

ಖಾಸಗಿತನದ ಮಾತು ಹೀಗಾಯಿತು. ನ್ಯಾಯದ ಮಾತನ್ನು ನಾನೇ ಕಂಡ ಒಂದು ಸಂಗತಿಯಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಮೊಬೈಲಿಗೆ ಒಂದು ತುಣುಕು ಬಂತು. ನಮ್ಮ ಸೀಮೆಯ ಪಟ್ಟಣವೊಂದರ ಒಡವೆಯಂಗಡಿಯ ಕ್ಯಾಮೆರಾ ಕಂಡದ್ದು, ಇಪ್ಪತ್ತು ಸೆಕೆಂಡುಗಳಷ್ಟು. ಒಬ್ಬ ಹೆಂಗಸು ತಟ್ಟೆಯಲ್ಲಿನ ಜುಮುಕಿಗಳ ಮೇಲೆ ಬಾಗುತ್ತಾಳೆ. ಆಮೇಲೆ ಅವಳ ಕೈ ತನ್ನ ಚೀಲದೊಳಗೆ ಹೋಗುತ್ತದೆ. ಕೆಳಗೆ ‘ಈ ಕಳ್ಳಿಯ ವಿಷಯದಲ್ಲಿ ಎಚ್ಚರ’ ಎಂದು ಬರೆದಿತ್ತು. ಮುಖ ಕಂಡೊಡನೆ ನನ್ನ ಎದೆ ಧಸಕ್ಕೆಂದಿತು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಹೊಲಿಗೆಯಿಂದ ಸಂಸಾರ ಸಾಗಿಸುತ್ತಿದ್ದವಳು. ನಾಚಿಕೆಯ ಸಂಗತಿಯೆಂದರೆ ನಾನು ಆ ತುಣುಕನ್ನು ನಂಬಿದೆ. ಎರಡು ಸಲ ನೋಡಿದೆ, ಎರಡು ಸಲವೂ ನಂಬಿದೆ. ‘ಎಂಥವಳು ಹೀಗಾದಳಲ್ಲ!’ ಎಂದು ಮನೆಯವರ ಮುಂದೆ ಹೇಳಿಯೂ ಬಿಟ್ಟೆ.

ತಿಂಗಳಾದ ಮೇಲೆ ಅವಳೇ ಮನೆಗೆ ಬಂದಳು. ಕುಳಿತುಕೊಳ್ಳಲಿಲ್ಲ. ‘ಸರ, ಆ ಚಿತ್ರದಾಗ ಇರಾಕಿ ನಾನ ಅದೀನ್ರಿ. ಆದ್ರ ನಾ ಚೀಲದಾಗ ಇಟ್ಟಿದ್ದು ನನ್ನ ಚಷ್ಮಾದ ಡಬ್ಬಿರಿ’ ಎಂದಳು. ಜುಮುಕಿಯ ಬೆಲೆಚೀಟಿ ಓದಲು ಚಷ್ಮಾ ತೆಗೆದಿದ್ದಳು. ಓದಿ, ಕೊಳ್ಳಲಾರೆನೆಂದು ತಿಳಿದು, ಮತ್ತೆ ಅದನ್ನು ಡಬ್ಬಿಗೆ ಹಾಕಿ ಚೀಲದೊಳಗಿಟ್ಟು ಹೊರಟಿದ್ದಳು. ಚಷ್ಮಾ ತೆಗೆದದ್ದು ಆ ಇಪ್ಪತ್ತು ಸೆಕೆಂಡುಗಳಿಗಿಂತ ಮೊದಲು. ತುಣುಕು ಆರಂಭವಾಗುವುದೇ ಅದರ ನಂತರ. ಅವಳ ಮಗಳು ಆಗ ನಿಮ್ಮ ಹಾಗೆಯೇ ಒಂಬತ್ತನೆಯ ತರಗತಿಯಲ್ಲಿದ್ದಳು. ತರಗತಿಯ ಮಕ್ಕಳ ಮನೆಗಳಲ್ಲೆಲ್ಲ ಆ ತುಣುಕು ಇತ್ತು. ಹುಡುಗಿ ಹತ್ತು ದಿನ ಶಾಲೆಗೆ ಹೋಗಿರಲಿಲ್ಲ.

ನಾನು ಒಂದು ಅರ್ಜಿ ಬರೆದುಕೊಂಡು ಅವಳೊಡನೆ ಅಂಗಡಿಗೆ ಹೋದೆ. ಅಂಗಡಿಯವರು ಕೆಟ್ಟವರಲ್ಲ, ಚಹ ತರಿಸಿದರು. ಅವರ ಒಂದು ಜೊತೆ ಜುಮುಕಿ ಕಳೆದದ್ದೂ ನಿಜ. ‘ಗುರುಗಳ, ನಾನೇನು ಪೊಲೀಸ್ ಸ್ಟೇಷನ್ನಿಗೆ ಹೋಗೀನೇನ್ರಿ? ನಮ್ಮ ಮಂದಿಗೆ ಹುಷಾರ್ ಇರ್ರಿ ಅಂತ ಹೇಳೀನಿ, ಅಷ್ಟ’ ಎಂದರು. ಅದನ್ನು ಅವರು ಒಂದು ಉಪಕಾರವೆಂಬಂತೆ ಹೇಳಿದರು. ಪೂರ್ತಿ ದೃಶ್ಯಮುದ್ರಣವನ್ನು ತೋರಿಸಿರೆಂದು ಕೇಳಿದೆ. ಆ ವೇಳೆಗೆ ನಲವತ್ತು ದಿನ ಕಳೆದಿತ್ತು; ಪೆಟ್ಟಿಗೆ ಅದನ್ನು ಎಂದೋ ಅಳಿಸಿ ಬೇರೆ ಗಿರಾಕಿಗಳನ್ನು ಮುದ್ರಿಸಿಕೊಂಡಿತ್ತು. ಚಷ್ಮಾ ತೆಗೆದದ್ದು ಅಳಿಯಿತು. ಚೀಲಕ್ಕೆ ಕೈ ಹಾಕಿದ್ದು ಉಳಿಯಿತು. ಪೊಲೀಸರಿಗೆ ದೂರು ಕೊಟ್ಟಿದ್ದರೆ ವಿಚಾರಣೆ ನಡೆಯುತ್ತಿತ್ತು. ಅವಳ ಪರವಾಗಿ ಒಬ್ಬ ವಕೀಲರು ಪ್ರಶ್ನೆ ಕೇಳುತ್ತಿದ್ದರು. ಕೊನೆಗೆ ನ್ಯಾಯಾಧೀಶರು ಏನನ್ನಾದರೂ ಹೇಳುತ್ತಿದ್ದರು. ದೂರೇ ಇಲ್ಲದ ಮೇಲೆ ಅವಳನ್ನು ನಿರ್ದೋಷಿಯೆಂದು ಸಾರುವವರು ಯಾರು? ಖರಕ್ ಸಿಂಗನ ಬಾಗಿಲನ್ನಾದರೂ ಪೊಲೀಸರು ರಾತ್ರಿ ಮಾತ್ರ ಬಡಿಯುತ್ತಿದ್ದರು.

ಕತ್ತರಿಸಿದ ತುಣುಕು ಒಬ್ಬರ ಮಾನವನ್ನಷ್ಟೇ ಅಲ್ಲ, ಪ್ರಾಣವನ್ನೂ ತೆಗೆಯಬಲ್ಲದು. ಕರಾಚಿಯ ಒಂದು ಸ್ವಯಂಸೇವಾ ಸಂಸ್ಥೆ, ಮಕ್ಕಳ ಅಪಹರಣದ ವಿಷಯದಲ್ಲಿ ಪಾಲಕರನ್ನು ಎಚ್ಚರಿಸಲೆಂದು 2016ರಲ್ಲಿ ಒಂದು ಕಿರುಚಿತ್ರ ಮಾಡಿತ್ತು. ಕಾವಲು ಕ್ಯಾಮೆರಾದ ದೃಶ್ಯದಂತೆಯೇ ಕಾಣುವ ಚಿತ್ರ ಅದು: ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಒಬ್ಬನನ್ನು ಮೋಟಾರುಸೈಕಲ್ಲಿನ ಮೇಲೆ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ, ಮರುಗಳಿಗೆಯಲ್ಲಿ ಹಿಂದಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದದ್ದು 2018ರಲ್ಲಿ ನಮ್ಮ ದೇಶದ ಮೊಬೈಲುಗಳಲ್ಲಿ ಹರಿದಾಡಿತು. ಅದು ಮತ್ತು ಅಂಥವೇ ಬೇರೆ ಸಂದೇಶಗಳು ಹಬ್ಬಿಸಿದ ಭಯದ ನಡುವೆ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬ ಗುಂಪಿನ ಕೈಯಲ್ಲಿ ಸತ್ತ. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಹತನಾದ. ಆತನೂ ಗೆಳೆಯರೂ ಪಕ್ಕದ ಊರಿನಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದ್ದೇ ಸಂಶಯಕ್ಕೆ ಕಾರಣ. ಅವರು ಕಾರಿನಲ್ಲಿ ಮುರ್ಕಿಯನ್ನು ತಲುಪುವ ಮೊದಲೇ ಅವರ ಸುದ್ದಿ ಮೊಬೈಲಿನಲ್ಲಿ ತಲುಪಿತ್ತು. ಬೀದರ ನಮಗೆ ದೂರದ ದೇಶವಲ್ಲ. ಹೊಡೆದವರು ನಮ್ಮಂಥ ಜನ. ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಅವರಲ್ಲಿ ಅನೇಕರು ತಿಳಿದಿದ್ದರು.

ಇರುವ ಮುದ್ರಣವನ್ನು ಕತ್ತರಿಸಿ ತೋರಿಸುವುದು ಒಂದು ಅನ್ಯಾಯವಾದರೆ, ಇರುವುದನ್ನು ತೋರಿಸದೆಯೇ ಇರುವುದು ಇನ್ನೊಂದು. 2010ರ ಫೆಬ್ರವರಿಯಲ್ಲಿ ವಾರಾಣಸಿಯ ವಸತಿಗೃಹವೊಂದರಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತ. ಜೊತೆಗಿದ್ದ ಅದೇ ದೇಶದ ಇಬ್ಬರು ಕೊಂದರೆಂದು ಜೀವಾವಧಿ ಶಿಕ್ಷೆಯಾಯಿತು. ತಾವು ಆ ಹೊತ್ತಿನಲ್ಲಿ ಹೊರಗೆ ಹೋಗಿದ್ದೆವೆಂದು ಅವರು ಹೇಳುತ್ತಿದ್ದರು. ವಸತಿಗೃಹದಲ್ಲಿ ಕ್ಯಾಮೆರಾಗಳಿದ್ದವು, ಪೊಲೀಸರು ಆ ದೃಶ್ಯಗಳನ್ನು ನೋಡಿಯೂ ಇದ್ದರು. ಆದರೆ ನ್ಯಾಯಾಲಯದ ಮುಂದೆ ಅವನ್ನು ತರಲಿಲ್ಲ. 2015ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯ, ಇಷ್ಟು ಮುಖ್ಯವಾದ ಸಾಕ್ಷ್ಯವನ್ನು ಹಾಜರುಪಡಿಸದಿರುವುದು ಆಪಾದನೆ ಹೊರಿಸಿದವರ ವಿರುದ್ಧವೇ ನಿಲ್ಲುತ್ತದೆಂದು ಹೇಳಿ, ಇಬ್ಬರನ್ನೂ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರು ಸುಮಾರು ಐದು ವರ್ಷಗಳನ್ನು ಸೆರೆಮನೆಯಲ್ಲಿ ಕಳೆದಿದ್ದರು.

ಹಾಗಾಗಿ ಕ್ಯಾಮೆರಾ ಬೇಕೇ ಬೇಡವೇ ಎಂದು ಕೇಳುವುದಕ್ಕಿಂತ, ಅದು ಯಾರನ್ನು ನೋಡುತ್ತಿದೆ, ಅದರ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳುವುದು ಮೇಲು. ಬಲವುಳ್ಳವರ ಮೇಲೆ ಇಟ್ಟ ಕ್ಯಾಮೆರಾ ದುರ್ಬಲರಿಗೆ ರಕ್ಷೆಯಾಗಬಲ್ಲದು. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿಯೂ, ಬಂದೀಖಾನೆಯ ಕೋಣೆ ಮೊಗಸಾಲೆಗಳು ಸೇರಿ ಯಾವ ಭಾಗವೂ ಬಿಡದಂತೆ, ಕತ್ತಲಲ್ಲಿಯೂ ಕಾಣುವ, ಧ್ವನಿಯನ್ನೂ ಹಿಡಿಯುವ ಕ್ಯಾಮೆರಾಗಳನ್ನು ಹಾಕಬೇಕೆಂದು, ಮುದ್ರಣವನ್ನು 18 ತಿಂಗಳು ಉಳಿಸಬೇಕೆಂದು ಆಜ್ಞಾಪಿಸಿತು. ಠಾಣೆಯೊಳಗೆ ಪೆಟ್ಟು ತಿಂದವನಿಗೆ ಬೇರೆ ಸಾಕ್ಷಿ ಯಾರಿರುತ್ತಾರೆ? ಆದರೆ 2025ರ ಸೆಪ್ಟೆಂಬರಿನಲ್ಲಿ, ಅನೇಕ ಠಾಣೆಗಳಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂಬ ವರದಿಯನ್ನು ಕಂಡು ಅದೇ ನ್ಯಾಯಾಲಯ ತಾನಾಗಿ ಮೊಕದ್ದಮೆ ದಾಖಲಿಸಿಕೊಳ್ಳಬೇಕಾಯಿತು. ರಸ್ತೆಯಲ್ಲಿ ಹೋಗುವವನನ್ನು ನೋಡುವ ಕಣ್ಣು ತೆರೆದಿರುತ್ತದೆ. ಠಾಣೆಯೊಳಗಿನ ಕಣ್ಣು ಮಾತ್ರ ಏಕೋ ಬೇಗ ಕೆಡುತ್ತದೆ.

ನ್ಯಾಯಾಲಯಗಳು ಇಂಥ ಮುದ್ರಣವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವುದಿಲ್ಲ. ಯಾವ ಯಂತ್ರದಿಂದ, ಯಾರು, ಹೇಗೆ ಪ್ರತಿ ತೆಗೆದರೆಂಬ ಪ್ರಮಾಣಪತ್ರ ಜೊತೆಗಿರಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2020ರ ಜುಲೈಯಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಪತ್ರದಲ್ಲಿ ಮುದ್ರಣದ ‘ಹ್ಯಾಷ್’ ಸಂಖ್ಯೆಯನ್ನೂ ನಮೂದಿಸಬೇಕೆಂದಿದೆ. ಇದು ಕಡತದ ಬೆರಳಚ್ಚು ಇದ್ದಂತೆ. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆಯೇ ಬೇರೆಯಾಗಿಬಿಡುತ್ತದೆ. ನ್ಯಾಯಾಧೀಶರು ಇಷ್ಟೆಲ್ಲ ಕೇಳಿದ ಮೇಲೆ ನಂಬುವುದನ್ನು ನಾನು ಊಟದ ತಟ್ಟೆಯ ಮುಂದೆ ಕುಳಿತು ಇಪ್ಪತ್ತು ಸೆಕೆಂಡುಗಳಲ್ಲಿ ನಂಬಿದ್ದೆ.

ಈಚೆಗೆ ಈ ಕಣ್ಣಿಗೆ ಒಂದು ಬುದ್ಧಿಯೂ ಬಂದಿದೆ. ಕಂಡ ಮುಖವನ್ನು ಲಕ್ಷಾಂತರ ಭಾವಚಿತ್ರಗಳೊಡನೆ ಹೋಲಿಸಿ, ಇವನು ಇಂಥವನು ಎಂದು ಹೇಳಿಬಿಡುವ ತಂತ್ರಾಂಶಗಳಿವೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2018ರಲ್ಲಿ ಅಂಗಡಿಯೊಂದರಿಂದ ಐದು ಕೈಗಡಿಯಾರಗಳು ಕಳುವಾದವು. ಕ್ಯಾಮೆರಾದ ಮಸುಕು ಚಿತ್ರವನ್ನು ಯಂತ್ರಕ್ಕೆ ಕೊಟ್ಟಾಗ ಅದು ಒಬ್ಬ ಕಪ್ಪುವರ್ಣೀಯನ ಚಾಲನಾ ಪರವಾನಗಿಯ ಭಾವಚಿತ್ರವನ್ನು ತೋರಿಸಿತು. 2020ರ ಜನವರಿಯಲ್ಲಿ ಪೊಲೀಸರು ಅವನನ್ನು ಅವನ ಮನೆಯ ಮುಂದೆಯೇ, ಹೆಂಡತಿಯೂ ಇಬ್ಬರು ಎಳೆಯ ಹೆಣ್ಣುಮಕ್ಕಳೂ ನೋಡುತ್ತಿರುವಂತೆ, ಕೈಕೋಳ ತೊಡಿಸಿ ಒಯ್ದರು. ಠಾಣೆಯಲ್ಲಿ ಅವನು ಆ ಚಿತ್ರವನ್ನು ತನ್ನ ಮುಖದ ಪಕ್ಕದಲ್ಲಿ ಹಿಡಿದು ತೋರಿಸಬೇಕಾಯಿತು. ಇಬ್ಬರೂ ಬೇರೆ ಬೇರೆಯೆಂಬುದು ಯಾರಿಗಾದರೂ ತಿಳಿಯುವಂತಿತ್ತು. ಸುಮಾರು ಮೂವತ್ತು ಗಂಟೆಗಳ ಸೆರೆಯ ನಂತರ ಹೊರಬಂದ. 2024ರಲ್ಲಿ ನಗರಾಡಳಿತ ಪರಿಹಾರ ಕೊಟ್ಟು, ಯಂತ್ರದ ಮಾತೊಂದರ ಮೇಲೆಯೇ ಯಾರನ್ನೂ ಬಂಧಿಸುವುದಿಲ್ಲವೆಂದು ಒಪ್ಪಿಕೊಂಡಿತು. ಇಂಥ ತಂತ್ರಾಂಶಗಳಲ್ಲಿ ಹಲವು ಏಷ್ಯ, ಆಫ್ರಿಕ ಮೂಲದವರ ಮುಖಗಳನ್ನು ಬಿಳಿಯರ ಮುಖಗಳಿಗಿಂತ 10ರಿಂದ 100 ಪಟ್ಟು ಹೆಚ್ಚಾಗಿ ತಪ್ಪು ಗುರುತಿಸುತ್ತವೆಯೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ 2019ರ ಪರೀಕ್ಷೆಯಿಂದ ತಿಳಿದುಬಂತು.

ಇದನ್ನು ಒಂದು ಲೆಕ್ಕವಾಗಿ ಮಾಡಿನೋಡಿ. ಹುಣ್ಣಿಮೆಗೆ ಒಂದು ಲಕ್ಷ ಜನ ಸೇರಿದ್ದಾರೆನ್ನೋಣ. ಅವರಲ್ಲಿ ಪೊಲೀಸರಿಗೆ ಬೇಕಾದವರು ಐದು ಮಂದಿ. ಯಂತ್ರ ಬಹಳ ಒಳ್ಳೆಯದು. ಸಾವಿರ ನಿರಪರಾಧಿಗಳಲ್ಲಿ ಒಬ್ಬನನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ. ಆದರೂ ಆ ದಿನ ಅದು ಸುಮಾರು ನೂರು ಮಂದಿ ನಿರಪರಾಧಿಗಳ ಕಡೆಗೆ ಬೆರಳು ತೋರಿಸುತ್ತದೆ. ಐದು ಮಂದಿಯೂ ಸಿಕ್ಕರೆಂದೇ ಇಟ್ಟುಕೊಂಡರೂ, ಹಿಡಿದ ಪ್ರತಿ ಇಪ್ಪತ್ತೊಂದು ಜನರಲ್ಲಿ ಇಪ್ಪತ್ತು ಮಂದಿ ದೇವಿಗೆ ಕಾಯಿ ಒಡೆಯಲು ಬಂದವರು. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಹೆಚ್ಚು ಸರಿಯೆಂಬ ಯಂತ್ರದ ಕಥೆಯಿದು.

ನನ್ನ ವಿದ್ಯಾರ್ಥಿನಿ ಈಗಲೂ ಹೊಲಿಗೆ ಮಾಡುತ್ತಾಳೆ. ಅಂಗಡಿಗೆ ಹೋಗುವಾಗ ಚೀಲ ಒಯ್ಯುವುದಿಲ್ಲ. ಹಣವನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋಗುತ್ತಾಳೆ. ಮಗಳು ಕಾಲೇಜು ಸೇರಿದ್ದಾಳೆ. ಆ ತುಣುಕನ್ನು ನಾನು ನನ್ನ ಮೊಬೈಲಿನಿಂದ ಅಳಿಸಿದೆ. ನನಗೆ ಕಳುಹಿಸಿದವರಿಗೆ ಫೋನು ಮಾಡಿ ಅವರಿಂದಲೂ ಅಳಿಸಿದೆ. ಅವರಿಗೆ ಕಳುಹಿಸಿದವರು ಯಾರೆಂಬುದು ಅವರಿಗೆ ನೆನಪಿರಲಿಲ್ಲ.

ಕಳೆದ ವರ್ಷದ ಜಾತ್ರೆಯಲ್ಲಿ ಕುಷ್ಟಗಿಯ ಕಡೆಯ ಒಬ್ಬ ನಾಲ್ಕು ವರ್ಷದ ಹುಡುಗ ತಪ್ಪಿಸಿಕೊಂಡ. ಧ್ವನಿವರ್ಧಕದಲ್ಲಿ ಅವನ ಹೆಸರು ಕೂಗಿದರು. ಕ್ಯಾಮೆರಾದ ಪರದೆಯ ಮುಂದೆ ಕುಳಿತಿದ್ದ ಹುಡುಗನೊಬ್ಬ ಅವನ ಕೆಂಪು ಅಂಗಿಯನ್ನು ಗುರುತಿಸಿ, ಬಳೆಯಂಗಡಿಗಳ ಸಾಲಿನ ಕಡೆಗೆ ಜನರನ್ನು ಓಡಿಸಿದ. ತಾಯಿ ಬಂದವಳೇ ಮಗನಿಗೆ ಬೆನ್ನಮೇಲೆ ಒಂದು ಬಾರಿಸಿದಳು; ಆಮೇಲೆ ಎತ್ತಿಕೊಂಡು ಅಲ್ಲಿಯೇ ಕುಳಿತು ಅತ್ತಳು. ಅವಳ ತಲೆಯ ಮೇಲಿನ ಸೆರಗು ಜಾರಿತ್ತು. ಪಕ್ಕದಲ್ಲಿ ಬಳೆ ಮಾರುತ್ತಿದ್ದ ಮುದುಕಿ ಅದನ್ನು ಸರಿಪಡಿಸಿದಳು. ಕ್ಯಾಮೆರಾ ಅದೆಲ್ಲವನ್ನೂ ಕಂಡಿರಬೇಕು. ಯಾರೂ ಅದನ್ನು ಕತ್ತರಿಸಿ ಎಲ್ಲಿಗೂ ಕಳುಹಿಸಲಿಲ್ಲ. ಮುಂದಿನ ಹುಣ್ಣಿಮೆಯ ಹೊತ್ತಿಗೆ ಪೆಟ್ಟಿಗೆ ಅದನ್ನು ಅಳಿಸಿಹಾಕಿ, ಹೊಸದಾಗಿ ಬಂದ ಜನರನ್ನು ನೋಡುತ್ತಿತ್ತು.